ಕುದುರೆಗಳ ಆಹಾರದಲ್ಲಿ ಅಗಸೆ

ಅಗಸೆ ಬೀಜವನ್ನು ಬೇಯಿಸಿ ಅಥವಾ ಪುಡಿಮಾಡಿ ಕುದುರೆಗಳಿಗೆ ಪೂರಕ ಆಹಾರವಾಗಿ ನೀಡುವ ಪದ್ಧತಿ ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಎಣ್ಣೆ, ಪ್ರೋಟೀನ್ ಹಾಗೂ ಲೋಳೆ ಅಂಶಗಳಿಂದ ಕೂಡಿದ ಈ ಬೀಜವು ಕುದುರೆಯ ಮೈಕಾಂತಿಯನ್ನು ಹೆಚ್ಚಿಸಲು ಮತ್ತು ಸೊರಗಿದ ಪ್ರಾಣಿಗೆ ಮೈತುಂಬಿಸಲು ಬಳಕೆಯಾಗುತ್ತದೆ. ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳೂ ಇರುವುದರಿಂದ, ಅದನ್ನು ಸಿದ್ಧಪಡಿಸುವ ಕ್ರಮಕ್ಕೆ ವಿಶೇಷ ಮಹತ್ವವಿದೆ.

ಹೆಸರು ಮತ್ತು ಬೆಳೆ

ಅಗಸೆಯ ಸಸ್ಯಶಾಸ್ತ್ರೀಯ ಹೆಸರು ಲೈನಮ್ ಯುಸಿಟಾಟಿಸಿಮಮ್. ಸಂಸ್ಕೃತದಲ್ಲಿ ಇದನ್ನು ಅತಸೀ ಎನ್ನುತ್ತಾರೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದು 'ಅಗಸಿ'. ಸೊಪ್ಪು ಮತ್ತು ಹೂವಿಗಾಗಿ ಬೆಳೆಸುವ ಅಗಸೆ ಮರವು ಬೇರೆಯದೇ ಸಸ್ಯವಾಗಿದ್ದು, ಈ ಬೀಜಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಾಗಲಕೋಟೆ ಜಿಲ್ಲೆಯ ಶಿರೂರು, ಬಾದಾಮಿ, ಹುನಗುಂದ ಮತ್ತು ಇಳಕಲ್ ಪರಿಸರವನ್ನು ಒಳಗೊಂಡ ಉತ್ತರ ಕರ್ನಾಟಕದ ಎರೆಭೂಮಿಯ ಸೀಮೆಯಲ್ಲಿ ಅಗಸೆಯು ಹಿಂಗಾರಿ ಬೆಳೆ. ಜೋಳ, ಕಡಲೆ, ಕುಸುಬೆಗಳ ಜೊತೆಗೆ ಅಕ್ಕಡಿ ಸಾಲುಗಳಲ್ಲಿಯೂ ಇದನ್ನು ಬಿತ್ತುವುದುಂಟು. ಇಲ್ಲಿ ಬೀಜವನ್ನು ಹುರಿದು ಕುಟ್ಟಿ ಚಟ್ನಿಪುಡಿ ಮಾಡುತ್ತಾರೆ. ಗಾಣದಲ್ಲಿ ಎಣ್ಣೆ ತೆಗೆದ ಬಳಿಕ ಉಳಿಯುವ ಹಿಂಡಿಯನ್ನು ಎತ್ತು, ಎಮ್ಮೆ ಮತ್ತು ಹಸುಗಳಿಗೆ ಹಾಕುತ್ತಾರೆ. ಕರ್ನಾಟಕದಲ್ಲಿ ಕುದುರೆಯ ಸಾಂಪ್ರದಾಯಿಕ ಕಾಳು ಬೇಯಿಸಿದ ಹುರುಳಿ. ವಿಜಯಪುರದ ಟಾಂಗಾ ಕುದುರೆಗಳು ಮತ್ತು ಸಂಚಾರಿ ಕುರಿಗಾಹಿಗಳ ಹೊರೆ ಹೊರುವ ಕುದುರೆಗಳು ಈ ಸೀಮೆಯ ಪರಿಚಿತ ನೋಟ.

ಪೋಷಕಾಂಶಗಳು

ಅಗಸೆ ಬೀಜದಲ್ಲಿ ಸುಮಾರು 35ರಿಂದ 45 ಪ್ರತಿಶತ ಎಣ್ಣೆ ಇರುತ್ತದೆ. ಈ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಸಾಮಾನ್ಯವಾಗಿ ಆಲ್ಫಾ ಲಿನೋಲೆನಿಕ್ ಆಮ್ಲ ಎಂಬ ಒಮೆಗಾ-3 ಕೊಬ್ಬಿನಾಮ್ಲವಾಗಿದೆ. ಪ್ರೋಟೀನ್ ಪ್ರಮಾಣ ಸುಮಾರು 20 ಪ್ರತಿಶತವಿದ್ದರೂ, ಬೆಳೆಯುವ ಮರಿಗಳಿಗೆ ಅಗತ್ಯವಾದ ಲೈಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಕಡಿಮೆ. ಬೀಜದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹೆಚ್ಚು. ಆದ್ದರಿಂದ ಅಗಸೆಯು ಹುಲ್ಲು, ಮೇವು ಮತ್ತು ಕಾಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ವಿಷಕಾರಿ ಅಂಶ

ಬೀಜದಲ್ಲಿ ಲಿನಮರಿನ್, ಲಿನುಸ್ಟಾಟಿನ್ ಮೊದಲಾದ ಸಯನೋಜೆನಿಕ್ ಗ್ಲೈಕೋಸೈಡುಗಳಿವೆ. ಬೀಜ ಒಡೆದು ನೀರು ತಗುಲಿದಾಗ ಅದರಲ್ಲೇ ಇರುವ ಲಿನಮರೇಸ್ ಎಂಬ ಕಿಣ್ವವು ಇವುಗಳ ವಿಘಟನೆಗೆ ಕಾರಣವಾಗಿ ಹೈಡ್ರೋಜನ್ ಸಯನೈಡ್ ಉಂಟಾಗುತ್ತದೆ. ಎಳೆಯ ಅಥವಾ ಬರದಿಂದ ಬಾಡಿದ ಜೋಳದ ಪೈರನ್ನು ತಿಂದ ದನಗಳಿಗೆ ಏರುವ ವಿಷವೂ ಇದೇ ಆಗಿದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಕುದುರೆಯ ಜಠರದ ಆಮ್ಲವು ಕಿಣ್ವವನ್ನು ತಡೆಯುವುದರಿಂದ ಅದಕ್ಕೆ ಅಪಾಯ ಕಡಿಮೆ. ಆದರೆ ಬೀಜ ಅಥವಾ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಹುಹೊತ್ತು ನೆನೆಸಿಟ್ಟರೆ ಕಿಣ್ವಕ್ಕೆ ಪಾತ್ರೆಯಲ್ಲಿಯೇ ಅವಕಾಶ ದೊರೆಯುತ್ತದೆ. ಕುದುರೆಗೆ ವಾಂತಿ ಮಾಡುವ ಸಾಮರ್ಥ್ಯವಿಲ್ಲದ ಕಾರಣ ನುಂಗಿದ್ದನ್ನು ಹೊರಹಾಕಲು ಸಾಧ್ಯವಾಗುವುದಿಲ್ಲ.

ಸಿದ್ಧಪಡಿಸುವ ವಿಧಾನ

ಬೇಯಿಸುವುದು: ಬೀಜದ ಆರರಿಂದ ಎಂಟು ಪಟ್ಟು ನೀರನ್ನು ಮೊದಲು ಚೆನ್ನಾಗಿ ಕುದಿಸಿ, ಕುದಿಯುವ ನೀರಿಗೇ ಬೀಜವನ್ನು ಹಾಕಬೇಕು. ತಣ್ಣೀರಿನಲ್ಲಿ ಹಾಕಿ ನಿಧಾನವಾಗಿ ಕಾಯಿಸಿದರೆ ಕಿಣ್ವಕ್ಕೆ ಅನುಕೂಲವಾದ ಉಷ್ಣತೆಯಲ್ಲಿ ಬೀಜ ಹೆಚ್ಚು ಹೊತ್ತು ಉಳಿಯುತ್ತದೆ. ಮುಚ್ಚಳ ತೆರೆದಿಟ್ಟು ಕನಿಷ್ಠ 10 ನಿಮಿಷ ಜೋರಾಗಿ ಕುದಿಸಿದರೆ ಕಿಣ್ವ ನಾಶವಾಗುತ್ತದೆ. ಬಿಡುಗಡೆಯಾದ ಸಯನೈಡ್ ಹಬೆಯೊಡನೆ ಹೋಗುತ್ತದೆ. ಈ ಕಾರಣದಿಂದ ಗಾಳಿಯಾಡುವ ಸ್ಥಳದಲ್ಲಿ ಬೇಯಿಸುವುದು ಸೂಕ್ತ. ಬಳಿಕ ಉರಿ ತಗ್ಗಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತ, ಬೀಜ ಮೆತ್ತಗಾಗಿ ಒಡೆಯುವವರೆಗೆ ಬೇಯಿಸಬೇಕು. ಆರಿದಾಗ ಅದು ಲೋಳೆಯಾಗಿ ಗಟ್ಟಿಯಾಗುತ್ತದೆ. ಇದನ್ನು ಗೋಧಿ ಬೂಸಾದೊಡನೆ ಕಲಸಿ ಅದೇ ದಿನ ತಿನ್ನಿಸಬೇಕು.

ಪುಡಿ: ಒಣಬೀಜವನ್ನು ಅಂದಂದೇ ಪುಡಿಮಾಡಿ ಮೇವಿನಲ್ಲಿ ಬೆರೆಸುವುದು ಇತ್ತೀಚಿನ ರೂಢಿ. ಪುಡಿಯನ್ನು ನೆನೆಸಿಡಬಾರದು. ಗಾಳಿ ತಗುಲಿದರೆ ಎಣ್ಣೆ ಬೇಗ ಕಮಟುವುದರಿಂದ ಸಂಗ್ರಹಿಸಿಡುವುದೂ ಸಲ್ಲದು. ಇಡಿಯಾಗಿ ಹಾಕಿದ ಬೀಜವು ಅದರ ನುಣುಪಾದ ಗಟ್ಟಿ ಸಿಪ್ಪೆಯಿಂದಾಗಿ ಬಹುಮಟ್ಟಿಗೆ ಜೀರ್ಣವಾಗದೆ ಲದ್ದಿಯಲ್ಲಿ ಹೊರಬೀಳುತ್ತದೆ.

ಎಣ್ಣೆ: ತಿನ್ನಲು ಯೋಗ್ಯವಾದ ಹಸಿ ಅಗಸೆ ಎಣ್ಣೆಯನ್ನು ಮಾತ್ರ ಬಳಸಬೇಕು. ಬಣ್ಣದ ಅಂಗಡಿಗಳಲ್ಲಿ 'ಬಾಯಿಲ್ಡ್' ಎಂದು ಮಾರುವ ಅಗಸೆ ಎಣ್ಣೆಗೆ ಬೇಗ ಒಣಗುವಂತೆ ಲೋಹದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಅದು ಪ್ರಾಣಿಗಳಿಗೆ ವಿಷ.

ಪ್ರಮಾಣ

ಸುಮಾರು 500 ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ 100 ಗ್ರಾಂ ಆಸುಪಾಸು ಒಣಬೀಜ ಸಾಕಾಗುತ್ತದೆ. ಸಣ್ಣ ತಟ್ಟುಗಳಿಗೆ ತೂಕಕ್ಕೆ ತಕ್ಕಂತೆ ತಗ್ಗಿಸಬೇಕು. ಕುದುರೆಗೆ ಪಿತ್ತಕೋಶವಿಲ್ಲ; ಪಿತ್ತರಸವು ನಿರಂತರವಾಗಿ ಸ್ರವಿಸುತ್ತದೆ. ಆದ್ದರಿಂದ ಎಣ್ಣೆಯುಕ್ತ ಆಹಾರವನ್ನು ಒಂದು ಚಮಚದಿಂದ ಆರಂಭಿಸಿ ಎರಡು ವಾರಗಳಲ್ಲಿ ಕ್ರಮೇಣ ಹೆಚ್ಚಿಸುತ್ತಾರೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಲದ್ದಿ ಸಡಿಲವಾಗುತ್ತದೆ.

ವಿಷಬಾಧೆಯ ಲಕ್ಷಣಗಳು

ವೇಗದ ಉಸಿರಾಟ, ನಡುಕ, ತೂರಾಟ, ಒಸಡು ಮತ್ತು ಕಣ್ಣಿನ ಒಳಪೊರೆ ಕಡುಗೆಂಪಾಗುವುದು ಹಾಗೂ ಕುಸಿದು ಬೀಳುವುದು ಸಯನೈಡ್ ಬಾಧೆಯ ಮುಖ್ಯ ಲಕ್ಷಣಗಳು. ಸಾವು ಅಲ್ಪ ಸಮಯದಲ್ಲೇ ಸಂಭವಿಸಬಹುದು. ಶಂಕಿತ ಆಹಾರವನ್ನು ಕೂಡಲೇ ತೆಗೆದು ಪಶುವೈದ್ಯರನ್ನು ಕರೆಯಬೇಕು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಇದರ ಪ್ರತಿವಿಷಗಳಾಗಿದ್ದು, ಅವನ್ನು ಪಶುವೈದ್ಯರೇ ರಕ್ತನಾಳದ ಮೂಲಕ ನೀಡುತ್ತಾರೆ.