ಪರಿಸರ ವ್ಯವಸ್ಥೆ ಮತ್ತು ನೈಸರ್ಗಿಕ ಸಂಪನ್ಮೂಲ ನಿರ್ವಹಣೆ: ಮನೆಯಿಂದಲೇ ಸ್ನಾತಕೋತ್ತರ ವ್ಯಾಸಂಗ ಮಾಡಬಯಸುವ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೇರ್ಪಡಿಸಿ 2007ರ ಆಗಸ್ಟ್ ತಿಂಗಳಿನಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರ ಮೇ ತಿಂಗಳಿನಲ್ಲಿ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟವು ತೀರ್ಮಾನಿಸಿತು. ಗುಡ್ಡ, ಕಾಡು, ಕೆರೆ, ನದಿ, ಕಲ್ಲುಗಣಿ, ಹಿಪ್ಪುನೇರಳೆ ತೋಟ ಇವೆಲ್ಲವೂ ಒಂದೇ ದಿನದ ಪ್ರಯಾಣದಲ್ಲಿ ಕಾಣಸಿಗುವ ಪ್ರದೇಶವಿದು. ಇವುಗಳ ನಿರ್ವಹಣೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಲು ಇಚ್ಛಿಸುವ ಪದವೀಧರರಲ್ಲಿ ಅನೇಕರು ಉದ್ಯೋಗ, ವ್ಯವಸಾಯ ಅಥವಾ ಕುಟುಂಬದ ಹೊಣೆಯ ಕಾರಣದಿಂದ ಊರು ಬಿಟ್ಟು ಹೋಗಲಾರರು. ಅಂತಹವರಿಗೆ ದೂರಶಿಕ್ಷಣ ಮತ್ತು ಆನ್‌ಲೈನ್ ವ್ಯಾಸಂಗವು ಒಂದು ದಾರಿಯಾಗಿದೆ. ಈ ದಾರಿಯಲ್ಲಿ ಶುಲ್ಕ ಪಾವತಿಸುವ ಮುನ್ನ ಪರಿಶೀಲಿಸತಕ್ಕ ಅಂಶಗಳನ್ನೂ, ಮನೆಯಲ್ಲಿ ಕುಳಿತು ಓದುವ ವಿಷಯಕ್ಕೆ ಹೊರಗಿನ ಕ್ಷೇತ್ರಕಾರ್ಯವನ್ನು ಹೇಗೆ ಜೋಡಿಸಿಕೊಳ್ಳಬಹುದೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಯಾವ ಹೆಸರಿನಲ್ಲಿ ಹುಡುಕಬೇಕು?

“ಪರಿಸರ ವ್ಯವಸ್ಥೆ ಮತ್ತು ನೈಸರ್ಗಿಕ ಸಂಪನ್ಮೂಲ ನಿರ್ವಹಣೆ” ಎಂಬ ಹೆಸರಿನ ಪದವಿಯನ್ನೇ ಹುಡುಕುವವರು ಬಹುಮಟ್ಟಿಗೆ ವಿದೇಶಿ ವಿಶ್ವವಿದ್ಯಾಲಯಗಳ ಜಾಹೀರಾತುಗಳಿಗೆ ಹೋಗಿ ನಿಲ್ಲುತ್ತಾರೆ. ನಮ್ಮಲ್ಲಿ ಈ ವಿಷಯವು ಪರಿಸರ ವಿಜ್ಞಾನ, ಪರಿಸರ ಅಧ್ಯಯನ, ಸುಸ್ಥಿರ ಅಭಿವೃದ್ಧಿ, ಜಲಾನಯನ ನಿರ್ವಹಣೆ ಮುಂತಾದ ಹೆಸರುಗಳಲ್ಲಿ ದೊರೆಯುತ್ತದೆ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು (ಸ್ಥಾಪನೆ 1996) ದೂರಶಿಕ್ಷಣ ಕ್ರಮದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಪದವಿಯನ್ನು ನಡೆಸುತ್ತಾ ಬಂದಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು (ಇಗ್ನೋ, ಸ್ಥಾಪನೆ 1985) ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ., ಪರಿಸರ ಅಧ್ಯಯನದಲ್ಲಿ ಎಂ.ಎ., ಹಾಗೂ ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ವ್ಯಾಸಂಗಕ್ರಮಗಳನ್ನು ರೂಪಿಸಿದೆ. ಕಲಾ ಮತ್ತು ವಾಣಿಜ್ಯ ಪದವೀಧರರು ಎಂ.ಎ. ಹಾಗೂ ಡಿಪ್ಲೊಮಾಗಳನ್ನು ಪರಿಶೀಲಿಸುವುದು ಸೂಕ್ತ, ಎಂ.ಎಸ್ಸಿ. ವ್ಯಾಸಂಗಕ್ಕೆ ಸಾಮಾನ್ಯವಾಗಿ ವಿಜ್ಞಾನ ಪದವಿಯ ಹಿನ್ನೆಲೆ ಬೇಕಾಗುತ್ತದೆ. ಇಗ್ನೋದ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿದೆ.

“ದೂರಶಿಕ್ಷಣ” ಮತ್ತು “ಆನ್‌ಲೈನ್” ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಪಠ್ಯಸಾಮಗ್ರಿ, ಸಂಪರ್ಕ ತರಗತಿ, ಅಧ್ಯಯನ ಕೇಂದ್ರ ಮತ್ತು ಪರೀಕ್ಷಾ ಕೇಂದ್ರಗಳಿರುತ್ತವೆ. ಎರಡನೆಯದರಲ್ಲಿ ಬೋಧನೆಯು ಅಂತರಜಾಲದ ಮೂಲಕವೇ ನಡೆಯುತ್ತದೆ. ಎಂ.ಎಸ್ಸಿ. ಎಂದಮೇಲೆ ಪ್ರಯೋಗಾಲಯ ತಪ್ಪಿದ್ದಲ್ಲ. ಗೊತ್ತುಪಡಿಸಿದ ಕೇಂದ್ರಕ್ಕೆ ಖುದ್ದಾಗಿ ಹೋಗಲೇಬೇಕು. ಕೇಂದ್ರವು ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇದ್ದರೆ ರಾಮನಗರ, ಚನ್ನಪಟ್ಟಣದವರಿಗೆ ರೈಲು ಸೌಕರ್ಯವಿದೆ. ಕನಕಪುರ ಮತ್ತು ಮಾಗಡಿಯವರು ಬಸ್ಸನ್ನೇ ನಂಬಬೇಕಾಗುತ್ತದೆ. ಪ್ರಾಯೋಗಿಕ ತರಗತಿಗಳ ಸ್ಥಳ ಮತ್ತು ದಿನಗಳನ್ನು ಪ್ರವೇಶಕ್ಕೆ ಮೊದಲೇ ವಿಚಾರಿಸಿ, ರಜೆ ದೊರೆಯುವುದೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ನಡುವೆ ಕೈಬಿಡುವ ಅನೇಕರು ಎಡವುವುದು ಪಾಠದಲ್ಲಲ್ಲ, ಈ ಓಡಾಟದಲ್ಲಿ.

ಮಾನ್ಯತೆಯ ಪರಿಶೀಲನೆ

ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ವಿನಿಯಮಗಳು ನಿಯಂತ್ರಿಸುತ್ತವೆ. ಮಾನ್ಯತೆ ಪಡೆದ ಸಂಸ್ಥೆಯಿಂದ ಈ ಕ್ರಮದಲ್ಲಿ ಗಳಿಸಿದ ಪದವಿಯು ಸಾಂಪ್ರದಾಯಿಕ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ “ಮಾನ್ಯತೆ ಪಡೆದ” ಎಂಬ ಮಾತೇ ಮುಖ್ಯ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದು ನಡೆಸುವ ಪ್ರತಿಯೊಂದು ದೂರಶಿಕ್ಷಣ ವ್ಯಾಸಂಗಕ್ಕೂ ಮಾನ್ಯತೆ ಇದೆ ಎಂದು ಭಾವಿಸಲಾಗದು. ಆಯೋಗದ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಸಂಸ್ಥೆ, ವ್ಯಾಸಂಗಕ್ರಮ ಮತ್ತು ಪ್ರವೇಶಾವಧಿಯ ವಿವರವುಳ್ಳ ಪಟ್ಟಿಯನ್ನು ಪ್ರಕಟಿಸಲಾಗುತ್ತದೆ. ತಾವು ಸೇರಲಿರುವ ವ್ಯಾಸಂಗದ ಹೆಸರು, ತಾವು ಸೇರಲಿರುವ ಅವಧಿಗೆ, ಆ ಪಟ್ಟಿಯಲ್ಲಿ ಇದೆಯೇ ಎಂದು ಅಭ್ಯರ್ಥಿಯು ಸ್ವತಃ ನೋಡಿ, ಆ ಪುಟದ ಮುದ್ರಿತ ಪ್ರತಿಯನ್ನು ದಿನಾಂಕ ಸಹಿತ ಇಟ್ಟುಕೊಳ್ಳತಕ್ಕದ್ದು.

ಈ ಎಚ್ಚರಿಕೆ ಏಕೆಂಬುದಕ್ಕೆ ದೂರದ ಉದಾಹರಣೆ ಬೇಡ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ನೇ ಸಾಲಿನಿಂದ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ವಿದ್ಯಾರ್ಥಿಗಳು ಸೇರಿ ಓದುತ್ತಿದ್ದರು. ತಮ್ಮ ಪದವಿಯ ಸಿಂಧುತ್ವವೇ ಪ್ರಶ್ನೆಗೊಳಗಾಗಿ ಅವರು ಕಷ್ಟಕ್ಕೀಡಾದರು. 2018-19ನೇ ಸಾಲಿನಿಂದ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಮರಳಿ ದೊರೆಯಿತು. ಸರ್ಕಾರಿ ಸಂಸ್ಥೆಯಲ್ಲಿಯೇ ಹೀಗಾಗಬಹುದಾದರೆ, ಹೆಸರು ಕೇಳದ ಸಂಸ್ಥೆಯ ಬಗ್ಗೆ ಎಷ್ಟು ಜಾಗರೂಕತೆ ಬೇಕೆಂಬುದನ್ನು ಅಭ್ಯರ್ಥಿಗಳೇ ಊಹಿಸಬಹುದು.

ಇನ್ನು ಕೆಲವು ಪದವಿಗಳನ್ನು ಈ ಕ್ರಮದಲ್ಲಿ ನೀಡುವಂತೆಯೇ ಇಲ್ಲ. ಕೃಷಿ ಮತ್ತು ತೋಟಗಾರಿಕೆ ಪದವಿಗಳು ನಿಷಿದ್ಧ ಪಟ್ಟಿಯಲ್ಲಿವೆ. ಪಿಎಚ್.ಡಿ. ಪದವಿಯೂ ಅಷ್ಟೇ. ಆದುದರಿಂದ “ಆನ್‌ಲೈನ್ ಎಂ.ಎಸ್ಸಿ. ಕೃಷಿ” ಎಂದು ಯಾರಾದರೂ ಕರಪತ್ರ ಹಂಚಿದಲ್ಲಿ ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ವಿಶ್ವವಿದ್ಯಾಲಯಗಳು ತಮ್ಮ ದೂರಶಿಕ್ಷಣವನ್ನು ಫ್ರಾಂಚೈಸಿ ನೀಡಿ ನಡೆಸುವುದನ್ನೂ ವಿನಿಯಮಗಳು ನಿಷೇಧಿಸಿವೆ. ಪಟ್ಟಣದ ಯಾವುದೋ ಮಹಡಿಯ ಮೇಲಿನ ಕೊಠಡಿಯಲ್ಲಿ ನಗದು ಶುಲ್ಕ ಪಡೆದು, ತಮ್ಮದೇ ರಸೀದಿ ನೀಡಿ, “ಪರೀಕ್ಷೆಯನ್ನೂ ನಾವೇ ನೋಡಿಕೊಳ್ಳುತ್ತೇವೆ” ಎನ್ನುವವರಿಂದ ದೂರವಿರತಕ್ಕದ್ದು. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ನೇರವಾಗಿ ಪಾವತಿಸಬೇಕು.

ವಿದೇಶಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಪದವಿಗಳಲ್ಲಿ ಉತ್ತಮವಾದವೂ ಉಂಟು. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯವು ನೈಸರ್ಗಿಕ ಸಂಪನ್ಮೂಲ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್ ಮೂಲಕ ಬೋಧಿಸುತ್ತದೆ. ಜ್ಞಾನಕ್ಕಾಗಿ ಓದುವವರಿಗೆ ಅಡ್ಡಿಯಿಲ್ಲ. ಆದರೆ ಇಲ್ಲಿ ಸರ್ಕಾರಿ ಉದ್ಯೋಗಕ್ಕೋ ಮುಂದಿನ ವ್ಯಾಸಂಗಕ್ಕೋ ಬಳಸುವುದಾದಲ್ಲಿ, ವಿದೇಶಿ ಪದವಿಗಳ ಸಮಾನತೆಗೆ ಸಂಬಂಧಿಸಿದಂತೆ ಆಯೋಗವು 2025ರಲ್ಲಿ ಹೊರಡಿಸಿದ ವಿನಿಯಮಗಳನ್ನು ಓದಿ, ಆನ್‌ಲೈನ್ ಕ್ರಮದಲ್ಲಿ ಪಡೆದ ಪದವಿಗೆ ಸಮಾನತೆ ದೊರೆಯುವುದೇ ಎಂಬುದಕ್ಕೆ ಲಿಖಿತ ಉತ್ತರ ಪಡೆದ ನಂತರವೇ ಶುಲ್ಕ ಕಟ್ಟತಕ್ಕದ್ದು.

ಅರ್ಜಿ ಸಲ್ಲಿಸುವ ವಿಧಾನ

ಪ್ರವೇಶವು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ, ಜನವರಿ-ಫೆಬ್ರವರಿ ಮತ್ತು ಜುಲೈ-ಆಗಸ್ಟ್ ಅವಧಿಗಳಲ್ಲಿ ನಡೆಯುತ್ತದೆ. 2024ರ ಜುಲೈ-ಆಗಸ್ಟ್ ಅವಧಿಯಿಂದ ಪ್ರತಿಯೊಬ್ಬ ಅಭ್ಯರ್ಥಿಯೂ ಆಯೋಗದ ಜಾಲತಾಣದಲ್ಲಿ ಡಿಇಬಿ ಗುರುತಿನ ಸಂಖ್ಯೆಯನ್ನು ಪಡೆಯುವುದು ಕಡ್ಡಾಯವಾಗಿದೆ. ಇದಕ್ಕೆ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಎಬಿಸಿ ಸಂಖ್ಯೆ ಬೇಕು. ಅದನ್ನು ಡಿಜಿಲಾಕರ್ ಮೂಲಕ ಸೃಜಿಸಿಕೊಳ್ಳಬಹುದು. ಈ ಎರಡೂ ಸಂಖ್ಯೆಗಳನ್ನು ಅಭ್ಯರ್ಥಿಯು ಸ್ವತಃ ಪಡೆಯಬೇಕೇ ಹೊರತು ಮಧ್ಯವರ್ತಿಗೆ ಆಧಾರ್ ಸಂಖ್ಯೆ ಮತ್ತು ಓಟಿಪಿ ಒಪ್ಪಿಸತಕ್ಕದ್ದಲ್ಲ.

ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿಯ ಎಲ್ಲಾ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ ಅಥವಾ ತಾತ್ಕಾಲಿಕ ಪ್ರಮಾಣಪತ್ರ, ಆಧಾರ್, ಭಾವಚಿತ್ರ ಹಾಗೂ ಸಹಿಯ ಸ್ಕ್ಯಾನ್ ಪ್ರತಿಗಳನ್ನು ಸಿದ್ಧವಿಟ್ಟುಕೊಳ್ಳಬೇಕು. ಮೀಸಲಾತಿ ಅಥವಾ ಶುಲ್ಕ ರಿಯಾಯಿತಿ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ತಮ್ಮ ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ, ಮುಂಚಿತವಾಗಿ ಪಡೆಯತಕ್ಕದ್ದು. ಹೆಚ್ಚಿನ ತೊಡಕು ಹೆಸರಿನಲ್ಲಿ ಬರುತ್ತದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರವಿದ್ದು ಆಧಾರ್‌ನಲ್ಲಿ ಊರಿನ ಅಥವಾ ತಂದೆಯ ಹೆಸರು ವಿಸ್ತಾರವಾಗಿದ್ದಲ್ಲಿ ಗಣಕಯಂತ್ರವು ಅವರನ್ನು ಇಬ್ಬರು ವ್ಯಕ್ತಿಗಳೆಂದೇ ಪರಿಗಣಿಸುತ್ತದೆ. ಪ್ರವೇಶದ ಕೊನೆಯ ವಾರದಲ್ಲಿ ಇದನ್ನು ಸರಿಪಡಿಸಲು ಹೋದರೆ ಆ ಅವಧಿ ತಪ್ಪಿದಂತೆಯೇ.

ಆಯೋಗದ 2022ರ ಮಾರ್ಗಸೂಚಿಯಂತೆ ಕಾಲೇಜಿನ ಒಂದು ಪದವಿಯೊಂದಿಗೆ ದೂರಶಿಕ್ಷಣದ ಇನ್ನೊಂದನ್ನು ಏಕಕಾಲದಲ್ಲಿ ಓದಲು ಅವಕಾಶವಿದೆ. ಮೊದಲಿಗೆ ವಿಷಯದ ರುಚಿ ನೋಡಬಯಸುವವರು 2017ರಲ್ಲಿ ಆರಂಭವಾದ ಸ್ವಯಂ ಜಾಲತಾಣದ ಪರಿಸರ ಸಂಬಂಧಿ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಡೆಹ್ರಾಡೂನಿನಲ್ಲಿರುವ ಇಸ್ರೋದ ಭಾರತೀಯ ದೂರಸಂವೇದಿ ಸಂಸ್ಥೆಯು 2007ರಿಂದ ದೂರಸಂವೇದಿ ಮತ್ತು ಜಿಐಎಸ್ ವಿಷಯಗಳಲ್ಲಿ ದೂರಬೋಧನೆ ನಡೆಸುತ್ತಿದೆ. ನಕ್ಷೆ ಮಾಡಲು ಬಾರದವನಿಗೆ ಈ ಕ್ಷೇತ್ರದಲ್ಲಿ ಕೆಲಸ ದೊರೆಯುವುದು ಕಷ್ಟ; ಪದವಿಗಿಂತ ಮೊದಲು ಇದನ್ನು ಕಲಿತರೂ ನಷ್ಟವಿಲ್ಲ.

ಕ್ಷೇತ್ರಕಾರ್ಯಕ್ಕೆ ನಾಲ್ಕು ತಾಲ್ಲೂಕುಗಳು

ಆನ್‌ಲೈನ್ ವ್ಯಾಸಂಗದ ದೊಡ್ಡ ಕೊರತೆ ಎಂದರೆ ಕಾಡು, ನೀರು, ಮಣ್ಣುಗಳನ್ನು ಪರದೆಯ ಮೇಲೆಯೇ ನೋಡಿ ಮುಗಿಸುವುದು. ಪ್ರಾಜೆಕ್ಟ್ ವರದಿಯನ್ನು ಅಂತರಜಾಲದಿಂದ ನಕಲು ಮಾಡಿ ಸಲ್ಲಿಸುವವರೂ ಇದ್ದಾರೆ. ಈ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಅದರ ಅಗತ್ಯವೇ ಇಲ್ಲ.

ಅರ್ಕಾವತಿಯನ್ನೇ ತೆಗೆದುಕೊಳ್ಳಬಹುದು. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿಯೂ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿಯೂ ಜಲಾಶಯಗಳಿವೆ. ರಾಮನಗರವನ್ನು ಹಾದು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿಗೆ ನೀರುಣಿಸುತ್ತಿದ್ದ ತಿಪ್ಪಗೊಂಡನಹಳ್ಳಿಗೆ ಒಳಹರಿವು ಕುಗ್ಗಿದ್ದು ಏಕೆ? ಮಳೆ ಕಡಿಮೆಯಾಯಿತೆಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಉತ್ತರವನ್ನು ಪರೀಕ್ಷಿಸಿ, ಮಳೆಯ ಬದಲಾವಣೆಯಿಂದ ಇದನ್ನು ವಿವರಿಸಲಾಗದೆಂದೂ, ಅಂತರ್ಜಲದ ಕುಸಿತ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಪ್ರಮುಖ ಕಾರಣಗಳೆಂದೂ ಕಂಡುಕೊಂಡರು. ಜನಜನಿತ ಉತ್ತರವನ್ನು ದತ್ತಾಂಶದ ಮುಂದೆ ನಿಲ್ಲಿಸಿ ನೋಡುವುದೇ ಸ್ನಾತಕೋತ್ತರ ವ್ಯಾಸಂಗ ಕಲಿಸಬೇಕಾದ ಕೆಲಸ. ತಮ್ಮ ಊರಿನ ಕೆರೆಗೂ, ಅದರ ಸುತ್ತಲಿನ ಕೊಳವೆ ಬಾವಿಗಳಿಗೂ ಇದೇ ಪ್ರಶ್ನೆಯನ್ನು ಕೇಳಲು ವಿದ್ಯಾರ್ಥಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬಿಡದಿ ಸಮೀಪದ ಬೈರಮಂಗಲ ಕೆರೆಯದು ಇದಕ್ಕೆ ವ್ಯತಿರಿಕ್ತ ಕಥೆ. ಅಲ್ಲಿ ನೀರಿಗೆ ಬರವಿಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬಂದು ಸೇರುತ್ತದೆ, ಆ ನೀರಿನಿಂದಲೇ ಹೊಲಗಳಿಗೆ ನೀರುಣಿಸಲಾಗುತ್ತದೆ.

ರಾಮನಗರದ ರಾಮದೇವರ ಬೆಟ್ಟವನ್ನು ಹೊರಗಿನವರು “ಶೋಲೆ” ಚಿತ್ರದ ಬಂಡೆಗಳೆಂದು ಗುರುತಿಸುತ್ತಾರೆ. ಅದೇ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಸತ್ತ ಜಾನುವಾರುಗಳ ದೇಹದಲ್ಲಿ ಉಳಿದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವು ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿಯೂ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಗಳ ಬಳಕೆಯನ್ನು 2023ರಲ್ಲಿಯೂ ನಿಷೇಧಿಸಲಾಯಿತು. ಹಾಗಾದರೆ ಸುತ್ತಲಿನ ಹಳ್ಳಿಗಳಲ್ಲಿ ಸತ್ತ ದನಗಳನ್ನು ಈಗ ಏನು ಮಾಡುತ್ತಾರೆ, ಹೂಳುತ್ತಾರೆಯೇ, ಬಯಲಿಗೆ ಬಿಡುತ್ತಾರೆಯೇ? ಮನೆಮನೆಗೆ ಹೋಗಿ ಕೇಳಿದರೆ ಅದೇ ಒಂದು ಪ್ರಾಜೆಕ್ಟ್.

ಚನ್ನಪಟ್ಟಣದ ಬೊಂಬೆಗಳು ಆಲೆ ಮರದಿಂದಾಗುತ್ತವೆ; ಆ ಮರ ಎಲ್ಲಿಂದ ಬರುತ್ತಿದೆ, ಎಷ್ಟು ಉಳಿದಿದೆ ಎಂಬುದನ್ನು ಕುಶಲಕರ್ಮಿಗಳಿಂದಲೇ ಆರಂಭಿಸಿ ಹುಡುಕಬಹುದು. ಕನಕಪುರದ ಕಡೆ ಕಾವೇರಿ ವನ್ಯಜೀವಿಧಾಮದ ಅಂಚಿನ ಹೊಲಗಳಿಗೆ ಆನೆಗಳು ಇಳಿಯುವುದೂ, ಮಾಗಡಿಯ ಸಾವನದುರ್ಗದ ಕಾಡಿನ ಮೇಲೆ ಪ್ರವಾಸಿಗರ ಒತ್ತಡವೂ ಅಧ್ಯಯನಯೋಗ್ಯ ವಿಷಯಗಳೇ.

ಅನುಮತಿ ಮತ್ತು ದತ್ತಾಂಶ

ವನ್ಯಜೀವಿಧಾಮದೊಳಗೆ ಅಧ್ಯಯನ ಕೈಗೊಳ್ಳಲು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 28ನೇ ಪ್ರಕರಣದ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. ಅವರ ಕಚೇರಿಯು ಬೆಂಗಳೂರು ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಅರ್ಜಿಯೊಂದಿಗೆ ವಿಶ್ವವಿದ್ಯಾಲಯದ ಪತ್ರ, ಮಾರ್ಗದರ್ಶಕರ ಹೆಸರು, ಅಧ್ಯಯನದ ಉದ್ದೇಶ, ಸ್ಥಳ ಮತ್ತು ಅವಧಿಯನ್ನು ನಮೂದಿಸಿ ಲಗತ್ತಿಸುವುದು. ದೂರಶಿಕ್ಷಣ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರ ಪತ್ರ ಸಕಾಲದಲ್ಲಿ ದೊರೆಯುವುದು ಸುಲಭವಲ್ಲವಾದ್ದರಿಂದ ಎರಡನೇ ವರ್ಷದ ಆರಂಭದಲ್ಲಿಯೇ ಕೇಳಿಕೊಳ್ಳಬೇಕು. ಧಾಮದ ಹೊರಗಿನ ಹಳ್ಳಿಗಳಲ್ಲಿ ಸಂದರ್ಶನ ನಡೆಸಲು ಈ ಅನುಮತಿ ಬೇಕಿಲ್ಲ. ಗ್ರಾಮ ಪಂಚಾಯಿತಿಗೆ ತಿಳಿಸುವುದು ಸೌಜನ್ಯ.

ಮಳೆಯ ವಿವರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿಯೂ, ಉಪಗ್ರಹ ನಕ್ಷೆಗಳು ಇಸ್ರೋದ ಭುವನ್ ಜಾಲತಾಣದಲ್ಲಿಯೂ ದೊರೆಯುತ್ತವೆ. ಜೈವಿಕ ವೈವಿಧ್ಯ ಅಧಿನಿಯಮ, 2002ರಂತೆ ಸ್ಥಳೀಯ ಸಂಸ್ಥೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ತಮ್ಮ ಪಂಚಾಯಿತಿಯ ದಾಖಲಾತಿಯನ್ನು ಕೇಳಿ ನೋಡಿ, ಅದರಲ್ಲಿರುವುದು ನೆಲದ ಮೇಲೆ ಇದೆಯೇ ಎಂದು ತಾಳೆ ಹಾಕಬಹುದು. ಇತರ ಕಚೇರಿಗಳ ಮಾಹಿತಿಗೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಮಿತಿ ಇದೆ.

ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಈ ಪದವಿಯಿಂದ ಅರಣ್ಯ ಇಲಾಖೆಯಲ್ಲಿ ಉದ್ಯೋಗ ದೊರೆಯುವುದೇ?
ಪದವಿಯೊಂದರಿಂದಲೇ ದೊರೆಯದು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯಕೀಯ ಇವುಗಳಲ್ಲಿ ಒಂದನ್ನು ಓದಿದ ಸ್ನಾತಕ ಪದವಿ, ಅಥವಾ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಇರಬೇಕು. ಕಲಾ ಪದವೀಧರರು ಪರಿಸರ ವಿಷಯದಲ್ಲಿ ಎಂ.ಎ. ಮಾಡಿದ ಮಾತ್ರಕ್ಕೆ ಅರ್ಹರಾಗುವುದಿಲ್ಲ. ರಾಜ್ಯದ ಹುದ್ದೆಗಳಿಗೆ ಆಯಾ ವೃಂದ ಮತ್ತು ನೇಮಕಾತಿ ನಿಯಮಗಳನ್ನೇ ನೋಡತಕ್ಕದ್ದು.

ಅಧ್ಯಾಪಕರಾಗಬಹುದೇ?
ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳಲ್ಲಿ ಪರಿಸರ ವಿಜ್ಞಾನವೂ ಒಂದು ವಿಷಯ. ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 (ಮೀಸಲಾತಿ ವರ್ಗಗಳಿಗೆ ಶೇಕಡ 50) ಅಂಕಗಳು ಬೇಕು. ದೂರಶಿಕ್ಷಣದಲ್ಲಿ ತೇರ್ಗಡೆಯಾದರೆ ಸಾಕೆಂದು ಓದುವವರು ಈ ಸಂಖ್ಯೆಯನ್ನು ಮೊದಲೇ ಗಮನದಲ್ಲಿಡಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಾಧ್ಯವೇ?
ಪಠ್ಯಸಾಮಗ್ರಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಮೊದಲ ಆರು ತಿಂಗಳು ಕಷ್ಟವೆನಿಸುವುದು ಸಹಜ. ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಆಯಾ ವಿಶ್ವವಿದ್ಯಾಲಯದ ಮಾಹಿತಿ ಪುಸ್ತಕದಲ್ಲಿ ಪರಿಶೀಲಿಸುವುದು. ಕ್ಷೇತ್ರಕಾರ್ಯದಲ್ಲಿ ಮಾತ್ರ ಕನ್ನಡವೇ ಅನುಕೂಲ: ಕೆರೆಯ ತೂಬು, ಕೋಡಿ, ರಾಜಕಾಲುವೆಗಳ ಬಗ್ಗೆ ನೀರುಗಂಟಿಯೊಡನೆ ಮಾತನಾಡಲು ಬೇರೆ ಭಾಷೆ ನೆರವಿಗೆ ಬಾರದು.

ಪ್ರವೇಶ ಪಡೆದ ನಂತರ ವ್ಯಾಸಂಗಕ್ಕೆ ಮಾನ್ಯತೆ ಇಲ್ಲವೆಂದು ತಿಳಿದುಬಂದರೆ?
ಪಾವತಿ ರಸೀದಿ, ಮಾಹಿತಿ ಪುಸ್ತಕ ಮತ್ತು ಜಾಹೀರಾತಿನ ಪ್ರತಿಗಳೊಂದಿಗೆ ಮೊದಲು ಸಂಸ್ಥೆಗೆ ಲಿಖಿತವಾಗಿಯೂ, ನಂತರ ಆಯೋಗದ ದೂರಶಿಕ್ಷಣ ವಿಭಾಗಕ್ಕೂ ದೂರು ಸಲ್ಲಿಸಬಹುದು. ಶುಲ್ಕ ವಾಪಸಾತಿಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗುವ ಮುನ್ನ ವಕೀಲರ ಸಲಹೆ ಪಡೆಯುವುದು ಒಳ್ಳೆಯದು. ಮೂಲ ಅಂಕಪಟ್ಟಿಗಳನ್ನು ಸಂಸ್ಥೆಯು ತನ್ನ ಬಳಿ ಇರಿಸಿಕೊಂಡಿದ್ದಲ್ಲಿ ಅವುಗಳನ್ನು ಹಿಂದಿರುಗಿಸುವಂತೆ ಅದೇ ದೂರಿನಲ್ಲಿ ಕೋರತಕ್ಕದ್ದು.