ಮನೆಯಲ್ಲೇ ಕಟ್ಟಿದ ಕಾರಿನ ಹೆಡ್‌ಲೈಟ್: ಒಂದೇ ಫ್ಯೂಸ್ ಸಾಲದು

ಹಳೆ ಚಾಸಿ ಮೇಲೆ ಹೊಸ ಬಾಡಿ ಕೂರಿಸಿ ಸ್ವಂತ ಕಾರು ಕಟ್ಟುವವರು ಎಂಜಿನ್‌ಗೆ ಕೊಡೋ ಗಮನವನ್ನು ವೈರಿಂಗ್‌ಗೆ ಕೊಡಲ್ಲ. ಎರಡೂ ಹೆಡ್‌ಲೈಟ್‌ಗೆ ಒಂದೇ ಫ್ಯೂಸ್ ಹಾಕಿ ಮುಗಿಸುವವರಿದ್ದಾರೆ. ರಾತ್ರಿ ತಿರುವಿನಲ್ಲಿ ಅದು ಹೋಯ್ತೋ, ಮುಂದೆ ಪೂರ್ತಿ ಕತ್ತಲು.

ಸಾಮಾನ್ಯ ಎಚ್4 ಬಲ್ಬ್ 60/55 ವ್ಯಾಟ್. 12 ವೋಲ್ಟ್‌ನಲ್ಲಿ ಬ್ರೈಟ್ ಹಾಕಿದರೆ ಒಂದಕ್ಕೆ 5 ಆಂಪಿಯರ್, ಎರಡಕ್ಕೆ 10. ಇಷ್ಟೂ ಕರೆಂಟ್ ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕವೇ ಹರಿದರೆ ಅದರ ಕಾಂಟ್ಯಾಕ್ಟ್ ಸುಡುತ್ತದೆ, ಉದ್ದ ವೈರಿನಲ್ಲಿ ವೋಲ್ಟೇಜ್ ಇಳಿದು ಬೆಳಕೂ ಮಂಕು. ರಿಲೇ ಇದ್ದರೆ ಸ್ವಿಚ್‌ಗೆ ಕಾಲು ಆಂಪಿಯರ್ ಭಾರವೂ ಬೀಳಲ್ಲ.

ಡಿಮ್‌ಗೊಂದು, ಬ್ರೈಟ್‌ಗೊಂದು ರಿಲೇ ಬೇಕು. 30ನೇ ಪಿನ್‌ಗೆ ಬ್ಯಾಟರಿ ಪ್ಲಸ್, 87ರಿಂದ ಬಲ್ಬ್‌ಗೆ, 86ಕ್ಕೆ ಸ್ವಿಚ್ ವೈರು, 85 ಅರ್ತ್. 87ಎ ಅಂತ ಪಿನ್ ಇದ್ದರೆ ಖಾಲಿ ಬಿಡಿ, ಅಲ್ಲಿ ಸ್ವಿಚ್ ಆಫ್ ಇದ್ದಾಗಲೇ ಕರೆಂಟ್ ಬರುತ್ತೆ.

ಫ್ಯೂಸ್ ಇರೋದು ವೈರ್ ಉಳಿಸೋಕೆ, ಬಲ್ಬ್ ಉಳಿಸೋಕಲ್ಲ. ಅದಕ್ಕೇ ಬ್ಯಾಟರಿಯಿಂದ ಗೇಣು ದೂರದೊಳಗೆ ಇರಬೇಕು. ಪ್ರತಿ ರಿಲೇಗೂ 2.5 ಚದರ ಮಿ.ಮೀ. ವೈರು, 20 ಆಂಪಿಯರ್‌ನ ಹಳದಿ ಫ್ಯೂಸ್. ರಿಲೇ ದಾಟಿದ ಮೇಲೆ ಎಡಕ್ಕೊಂದು, ಬಲಕ್ಕೊಂದು 10ರ ಕೆಂಪು ಫ್ಯೂಸ್. ಒಂದು ಕಡೆ ಶಾರ್ಟ್ ಆದರೂ ಇನ್ನೊಂದು ದೀಪ ಉರಿಯುತ್ತೆ, ಮನೆ ಸೇರಬಹುದು. ಹೋದ ಫ್ಯೂಸ್‌ಗೆ ಸಿಗರೇಟ್ ಪ್ಯಾಕಿನ ಹಾಳೆ ಸುತ್ತೋದು ಮಾತ್ರ ಬೆಂಕಿ ಕರೆದಂತೆ.

ಫೈಬರ್ ಬಾಡಿಯಲ್ಲಿ ಅರ್ತ್ ಸಿಗಲ್ಲ. ಪ್ರತಿ ದೀಪದಿಂದ ಚಾಸಿಗೆ ಬೇರೆ ವೈರು ಎಳೆದು, ಪೇಂಟ್ ಕೆರೆದು ಬೋಲ್ಟ್ ಬಿಗಿಯಬೇಕು. ದೀಪ ಮಂಕಾದರೆ ಮೊದಲು ನೋಡಬೇಕಾದ್ದೂ ಇದನ್ನೇ.

ಅಂಗಡಿಯವರು 100/90 ಬಲ್ಬ್ ತೋರಿಸಿದರೆ ಬೇಡ ಅನ್ನಿ. ಒಂದೊಂದು 8 ಆಂಪಿಯರ್ ದಾಟುತ್ತೆ, ಮೇಲಿನ ಲೆಕ್ಕವೆಲ್ಲ ತಲೆಕೆಳಗು; ಎದುರಿಂದ ಬರೋ ಬೈಕಿನವನಿಗೆ ರಸ್ತೆಯೂ ಕಾಣಲ್ಲ.