ಲಕ್ಷ್ಮೇಶ್ವರದ ಕಲ್ಲಿನ ಸರಪಳಿ

ಗದಗದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಲಕ್ಷ್ಮೇಶ್ವರದ ಪ್ರಾಚೀನ ಹೆಸರು ಪುಲಿಗೆರೆ. ಆದಿಕವಿ ಪಂಪನು ತನ್ನ ಕಾವ್ಯಕ್ಕೆ ಆದರ್ಶವಾಗಿ ಹೆಸರಿಸಿದ್ದು ಈ ಊರಿನ ತಿರುಳ್ಗನ್ನಡವನ್ನು. ಇಲ್ಲಿಗೆ ಬರುವ ಪ್ರವಾಸಿಗರು ಸೋಮೇಶ್ವರ ದೇಗುಲದಲ್ಲಿ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರನ್ನು ಕಂಡು, ಶಂಖ ಬಸದಿಗೂ ಹೋಗಿ, ಹಿಂದಿರುಗುವುದೇ ಹೆಚ್ಚು. ಜುಮ್ಮಾ ಮಸೀದಿಯು ನಮಾಝಿಗೆ ಬರುವವರಿಗಷ್ಟೇ ಸೇರಿದ್ದೆಂಬ ಭಾವನೆ ಅವರಲ್ಲಿದೆ. ವಿಷಾದವೆಂದರೆ, ನಮ್ಮಲ್ಲಿಯೂ ಇದೆ.

ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಆಳ್ವಿಕೆಯಲ್ಲಿ, 1617ರಲ್ಲಿ, ಅಂಕುಶಖಾನನು ಈ ಮಸೀದಿಯನ್ನು ಕಟ್ಟಿಸಿದನು. ಗುಮ್ಮಟ, ಮಿನಾರುಗಳು ಬಿಜಾಪುರದ ಪದ್ಧತಿಯವು. ಆದರೆ ಪ್ರವೇಶದ್ವಾರದ ಮುಂದೆ ನಿಂತು ನೋಡಿರಿ: ಇಕ್ಕೆಲಗಳ ಮೆಟ್ಟಿಲುಗಳೊಂದಿಗೆ ಅದು ದೇಗುಲದ ಮಹಾದ್ವಾರವನ್ನೇ ಹೋಲುತ್ತದೆ. ಅಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳು ತೂಗುತ್ತಿವೆ. ಬೆಸುಗೆಯಿಲ್ಲ, ಜೋಡಣೆಯಿಲ್ಲ, ಕಡೆಯುವಾಗ ಒಂದು ಕೊಂಡಿ ಒಡೆದರೂ ಇಡೀ ಕಲ್ಲು ವ್ಯರ್ಥ. ಚಾಲುಕ್ಯರ ಕಾಲದಿಂದ ಪಳಗಿದ ನಾಡಿನ ಉಳಿಗಲ್ಲದೆ ಇಂಥ ಧೈರ್ಯ ಬಾರದು ಎಂದು ನಮಗನಿಸುತ್ತದೆ. ಮೂರ್ತಿಗೆ ಅವಕಾಶವಿಲ್ಲದ ಮಸೀದಿಯಲ್ಲಿ ಆ ಕೌಶಲವೆಲ್ಲ ಕೊಂಡಿಗಳಿಗೆ ಇಳಿದಿದೆ.

ಇದು ಲಕ್ಷ್ಮೇಶ್ವರದ ಮಾತಷ್ಟೇ ಅಲ್ಲ. ಗದಗದ ವೀರನಾರಾಯಣ, ತ್ರಿಕೂಟೇಶ್ವರ ದೇವಾಲಯಗಳೂ ಜುಮ್ಮಾ ಮಸೀದಿಯೂ ಒಂದೇ ಟ್ರಸ್ಟಿನ ಆಡಳಿತದಲ್ಲಿವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಸ್ವಾಮಿಗಳು ಇಂದಿಗೂ ತಮ್ಮ ಹೆಸರಿನಲ್ಲಿ ‘ಫಕೀರ’ ಎಂಬ ಅರಬ್ಬಿ ಪದವನ್ನು ಉಳಿಸಿಕೊಂಡಿದ್ದಾರೆ.

ನಮ್ಮ ಮದ್ರಸದ ಮಕ್ಕಳು ಆಗ್ರಾದ ತಾಜಮಹಲನ್ನು ಬಲ್ಲರು, ಅಂಕುಶಖಾನನ ಹೆಸರನ್ನು ಕೇಳಿಲ್ಲ. ಒಂದು ರಜಾದಿನ ಅವರನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ದು, ಮೊದಲು ಸೋಮೇಶ್ವರದ ಗೋಡೆಗಳನ್ನೂ ಬಳಿಕ ಮಸೀದಿಯ ಸರಪಳಿಯನ್ನೂ ತೋರಿಸೋಣ. ಅಸರ್ ನಮಾಝನ್ನು ಅಲ್ಲಿಯೇ ನಿರ್ವಹಿಸಿ ಮರಳಬಹುದು.